ಮೆಕೆಂಜಿಯ ಮೈಸೂರು ಮೋಜಣಿಯಲ್ಲಿ ಕಾವೇರಿಯ ಕಣಿವೆ

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಮೈಸೂರು ಸೀಮೆಯ ಮೋಜಣಿಯು ಕಾಲಿನ್ ಮೆಕೆಂಜಿಯ ಪಾಲಿಗೆ ಬಂದಿತು. ಸುಮಾರು ಹತ್ತು ವರ್ಷಗಳ ಕಾಲ ನಡೆದು 40,000 ಚದರ ಮೈಲಿಗಳನ್ನು ಮೀರಿದ ಈ ಕಾರ್ಯದ ವಿಷಯವಾಗಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಗೆದ್ದ ನಾಡಿನ ಮೇರೆಗಳನ್ನೂ ಆದಾಯವನ್ನೂ ಹಿಡಿತಕ್ಕೆ ತಂದುಕೊಳ್ಳುವ ಸಾಧನವಿದೆಂಬುದು ಒಂದು. ನಾಡಿನ ಪೂರ್ವಚರಿತ್ರೆಯ ಭಂಡಾರವೆಂಬುದು ಇನ್ನೊಂದು. ಕಾವೇರಿಯ ಕಣಿವೆಯೊಂದನ್ನೇ ಎದುರಿಗಿಟ್ಟುಕೊಂಡು ನೋಡಿದಲ್ಲಿ ಇವೆರಡೂ ಅಪೂರ್ಣವೆಂದು ತೋರುವುದು.

ಪಟದ ಗುಣದೋಷಗಳೆರಡೂ ಅದರ ಕ್ರಮದಿಂದಲೇ ಹುಟ್ಟಿದವು. ತ್ರಿಕೋನಮಾಪನಕ್ಕೆ ಕಣ್ಣಿಗೆ ಎಟಕುವ ಶಿಖರಗಳು ಬೇಕು. ಆದುದರಿಂದ ಬೆಟ್ಟಗಳ ನೆಲೆ ಮೊದಲು ಸ್ಥಿರವಾಯಿತು. ನದಿ, ಹಳ್ಳ, ಕೆರೆ, ಗ್ರಾಮಗಳನ್ನು ಆ ಚೌಕಟ್ಟಿನೊಳಗೆ ಬಳಿಕ ತುಂಬಬೇಕಾಯಿತು. ಸಮೋನ್ನತಿ ರೇಖೆಗಳ ಪದ್ಧತಿ ಅಂದಿನ ಪಟಗಳಿಗೆ ಬಂದಿರಲಿಲ್ಲ. ಬೆಟ್ಟದ ಏರಿಳಿತವು ನೆರಳಿನಿಂದ ತಿಳಿಯುವುದೇ ಹೊರತು, ಬಯಲು ಎಷ್ಟು ಅಡಿ ಇಳಿಯುವುದೆಂಬುದು ತಿಳಿಯದು. ನೀರಾವರಿಯ ಸೀಮೆಗೆ ಇದು ಸಣ್ಣ ಕೊರತೆಯಲ್ಲ.

ಆದರೂ ಈ ಕೊರತೆಯನ್ನು ಕಣಿವೆಯೇ ಬಹುಮಟ್ಟಿಗೆ ತುಂಬಿಕೊಡುತ್ತದೆ. ಚಿಕ್ಕದೇವರಾಜರ (1673–1704) ಹೆಸರಿನ ನಾಲೆಯಂತಹ ಹಳೆಯ ಕಾಲುವೆಗಳು ನೆಲದ ಮಟ್ಟವನ್ನು ಅನುಸರಿಸಿ ಬಳಸಿ ಬಳಸಿ ಹರಿಯುತ್ತವೆ. ಮಟ್ಟ ತಪ್ಪಿದರೆ ನೀರು ಮುಂದಕ್ಕೆ ಸಾಗದು. ಹೀಗೆ ನಾಲೆಯ ಗೆರೆಯೇ ಒಂದು ಸಮೋನ್ನತಿ ರೇಖೆಯಂತಿದೆ. ಮೋಜಣಿದಾರನಿಗಿಂತ ಮೊದಲು ನೆಲವನ್ನಳೆದವರು ಅದನ್ನು ತೋಡಿದವರು.

ಸ್ಥಳನಾಮಗಳ ವಿಚಾರವೂ ಹೀಗೆಯೇ. ಆಂಗ್ಲ ಲಿಪಿಗೆ ಹೊಕ್ಕ ಹೆಸರುಗಳಲ್ಲಿ ದೀರ್ಘ–ಹ್ರಸ್ವಗಳ, ಲ–ಳಗಳ ಭೇದ ಅಳಿಯುವುದು. ಇದನ್ನು ತಿದ್ದಲು ಶಾನುಭೋಗರ ಕಡತಗಳಿಂದಲೂ ಊರ ಹಿರಿಯರ ಬಾಯಿಂದಲೂ ಸಂಗ್ರಹವಾದ ಕೈಫಿಯತ್ತುಗಳು ನೆರವಾಗುವುವು. ಅವುಗಳ ಸಂಗ್ರಹಕ್ಕೆ ದಾರಿ ತೋರಿದ ಕಾವಲಿ ವೆಂಕಟ ಬೋರಯ್ಯ 1803ರಲ್ಲಿ ತೀರಿಕೊಂಡನು. ತಮ್ಮನಾದ ಲಕ್ಷ್ಮಯ್ಯ ಅದನ್ನು ಮುಂದುವರಿಸಿದನು. ಪಟವನ್ನು ಭೂಗೋಳದವರಿಗೂ ಕೈಫಿಯತ್ತನ್ನು ಸಾಹಿತ್ಯದವರಿಗೂ ಹಂಚಿಕೊಟ್ಟುದೇ ಈವರೆಗಿನ ವ್ಯಾಸಂಗದ ದೊಡ್ಡ ದೋಷವೆನ್ನಬೇಕು.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕಣ್ಣಂಬಾಡಿ ಮುಳುಗಿತು. ಅಂತಹ ಊರುಗಳ ನೆಲೆಯನ್ನು ಇಂದು ಕಾಲ್ನಡಿಗೆಯಿಂದ ಪರೀಕ್ಷಿಸುವಂತಿಲ್ಲ. ಅಣೆಕಟ್ಟಿಗೆ ಹಿಂದಿನ ಪಟವು ಊರಿನ ಸ್ಥಾನವನ್ನೂ, ಕೈಫಿಯತ್ತು ಅಲ್ಲಿನವರು ತಮ್ಮ ಊರನ್ನು ಕುರಿತು ನಂಬಿದ್ದುದನ್ನೂ ಹೇಳಬಲ್ಲವು. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದಲ್ಲದೆ ಕಣಿವೆಯ ಚರಿತ್ರೆ ಪೂರ್ಣವಾಗದು.