ಮಡಚುವ ಚಾಕುವಿನ ಬೆಲೆ, ಮಾಗಡಿಯ ಮೂಸೆ

ಕೈಯಲ್ಲಿ ಮಾಡಿದ ಮಡಚುವ ಚಾಕುವಿಗೆ ಎಷ್ಟು ಕೊಡಬಹುದು ಎಂದು ಈ ವಾರವೂ ಕೇಳಿದ್ದಾರೆ. ಕೆಲವು ನೂರು ಡಾಲರಿನಿಂದ ಹತ್ತಾರು ಸಾವಿರದವರೆಗೂ ಇದೆ; ಹಾಗಾಗಿ ಬರೀ ಅಂಕಿ ಹೇಳಿ ಪ್ರಯೋಜನವಿಲ್ಲ. ನಾನು ಮೊದಲು ನೋಡುವುದು ಲಾಕ್.

ಮೈಕೆಲ್ ವಾಕರ್ 1980ರ ದಶಕದ ಆರಂಭದಲ್ಲಿ ರೂಪಿಸಿದ ಲೈನರ್ ಲಾಕ್ ಇವತ್ತು ಸಂತೆಯ ಅಗ್ಗದ ಚಾಕುವಿನಲ್ಲೂ ಸಿಗುತ್ತದೆ. ಹಿಡಿಯೊಳಗಿನ ತೆಳು ತಗಡು ಸರಿದು ಬಂದು, ತೆರೆದ ಅಲಗಿನ ಬುಡಕ್ಕೆ ಒತ್ತುಗೊಟ್ಟು ನಿಲ್ಲುತ್ತದೆ, ಅಷ್ಟೇ. ಕಸುಬು ಗೊತ್ತಿದ್ದವನು ಆ ಬುಡವನ್ನು ಕೊಂಚ ಓರೆಯಾಗಿ ಉಜ್ಜಿರುತ್ತಾನೆ. ಹೊಸದರಲ್ಲಿ ತಗಡು ಓರೆಯ ಈಚೆ ತುದಿಯಲ್ಲೇ ನಿಂತಿರಬೇಕು. ಸವೆದಂತೆಲ್ಲ ಆಚೆಗೆ ಸರಿಯಲು ಜಾಗ ಉಳಿದಿರಬೇಕು. ಮೊದಲ ದಿನವೇ ಆಚೆ ತುದಿ ಮುಟ್ಟಿದ್ದರೆ, ಹಿಡಿಗೆ ಮುತ್ತಿನ ಚಿಪ್ಪು ಕೂರಿಸಿದ್ದರೂ ಮುಟ್ಟಬೇಡಿ. ರಾನ್ ಲೇಕ್ ಅವರ ಇಂಟರ್‌ಫ್ರೇಮ್ ಚಾಕುಗಳಲ್ಲಿ ಲೋಹದ ಚೌಕಟ್ಟಿಗೂ ಅದರೊಳಗೆ ಕೂತ ಕೊಂಬಿಗೂ ನಡುವೆ ಉಗುರು ಆಡಿಸಿದರೂ ಸಂದು ಸಿಗುವುದಿಲ್ಲ. ಅಲ್ಲಿ ದುಬಾರಿ ಬೆಲೆಗೆ ಅರ್ಥವಿದೆ.

ಈಗಿನ ಮಾರುಕಟ್ಟೆ ಬೇರೆ ಥರ. ಕೆಲವು ಹೆಸರಾಂತರ ಚಾಕು ಕೊಳ್ಳುವ ಹಕ್ಕಿಗೇ ಪ್ರದರ್ಶನಗಳಲ್ಲಿ ಚೀಟಿ ಎತ್ತುತ್ತಾರೆ. ಚೀಟಿ ಗೆದ್ದವನು ಮಧ್ಯಾಹ್ನದೊಳಗೆ ಇನ್ನೊಬ್ಬನಿಗೆ ದುಪ್ಪಟ್ಟಿಗೆ ಮಾರಿರುತ್ತಾನೆ. ಒಂದು ಸೇಬನ್ನೂ ಹೆಚ್ಚಿರುವುದಿಲ್ಲ. ಅದೇ ಕಸುಬುದಾರ ಮರುವರ್ಷ ಯಂತ್ರ ಕೂರಿಸಿ ನೂರಾರು ತಯಾರಿಸಿದ ಮೇಲೆ ಆ ದುಪ್ಪಟ್ಟು ಎಲ್ಲಿ ಹೋಯಿತೆಂದು ಹುಡುಕಬೇಕು. ದಂತದ ಹಿಡಿ ಹೂಡಿಕೆಯೆಂದು ನಂಬಿದವರಿಗೆ 2016ರಲ್ಲಿ ಅಮೆರಿಕ ಆಫ್ರಿಕದ ಆನೆದಂತದ ವ್ಯಾಪಾರವನ್ನು ಬಹುತೇಕ ನಿಲ್ಲಿಸಿದಾಗ ಬಿಸಿ ಮುಟ್ಟಿತು.

ಇವೆಲ್ಲಕ್ಕಿಂತ ನನಗೆ ಕಿರಿಕಿರಿ ತರುವುದು ‘ಡಮಾಸ್ಕಸ್’ ಭಕ್ತರು. ಬಿಲ್ ಮೊರಾನ್ 1973ರಲ್ಲಿ ನೈಫ್‌ಮೇಕರ್ಸ್ ಗಿಲ್ಡ್ ಪ್ರದರ್ಶನಕ್ಕೆ ಅಂಥ ಚಾಕುಗಳನ್ನು ತಂದಿಟ್ಟ ಮೇಲೆ ಈ ಗೀಳು ಹಬ್ಬಿತು. ಎರಡು ಬಗೆಯ ಉಕ್ಕನ್ನು ಪದರುಪದರಾಗಿ ಬೆಸೆದು, ಆಮ್ಲಕ್ಕೆ ಅದ್ದಿ ಚಿತ್ತಾರ ಎಬ್ಬಿಸುವ ಕೆಲಸವದು. ಮೊರಾನ್ ಕೈಚಳಕಕ್ಕೆ ನಮಸ್ಕಾರ. ಆದರೆ ಅದನ್ನೇ ಹಳೆಯ ಡಮಾಸ್ಕಸ್ ಕತ್ತಿಯ ಮರಳಿ ಸಿಕ್ಕ ಗುಟ್ಟು ಎಂದು ಮಾರಿ ಬೆಲೆ ಏರಿಸುವವರಿಗೆ ಅಲ್ಲ.

ಆ ಹಳೆಯ ಕತ್ತಿಗಳ ಉಕ್ಕಿನ ಬೇರು ನಮ್ಮ ಕಡೆಯದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಗ್ರಂಥವನ್ನು ನಾನು ಆಗಾಗ ತೆರೆಯುವುದು ಮಾಗಡಿ ಕಡೆಯ ಕುಲುಮೆಗಳ ಪುಟಗಳಿಗಾಗಿ. ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿಯ ಕಡ್ಡಿ, ಮೇಲೆ ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಮೂಸೆಗಳನ್ನು ಒಟ್ಟಾಗಿ ಇದ್ದಿಲ ಬೆಂಕಿಗೆ ಪೇರಿಸಿ, ತಿದಿ ಒತ್ತುತ್ತಿದ್ದರು. ಕಡ್ಡಿ, ಎಲೆಯ ಇಂಗಾಲವೆಲ್ಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆದು ದೂರದೂರಿಗೆ ಕಳಿಸುತ್ತಿದ್ದುದನ್ನೂ ಆತ ಬರೆದಿಟ್ಟಿದ್ದಾನೆ. ಬೊಂಬೆಯ ಊರೆಂದಷ್ಟೇ ಗೊತ್ತಿರುವವರು ಓದಬೇಕು.

ಈ ಉಕ್ಕಿನ ಚಿತ್ತಾರ ಬೆಸುಗೆಯದಲ್ಲ, ಒಳಗಿನದು. ಫ್ಲಾರಿಡಾದ ಕಮ್ಮಾರ ಆಲ್ ಪೆಂಡ್ರೆ ಮತ್ತು ಲೋಹವಿಜ್ಞಾನಿ ಜಾನ್ ವರ್ಹೋವನ್ ವರ್ಷಗಟ್ಟಲೆ ಕಾಸಿ, ಬಡಿದು ತೋರಿಸಿದ್ದು ಅದನ್ನೇ. ಅದಿರಿನಲ್ಲಿ ಎಳ್ಳಷ್ಟು ವೆನೇಡಿಯಂ ಇದ್ದರೆ, ಮತ್ತೆ ಮತ್ತೆ ಕಾಸಿ ಬಡಿದಾಗ ಕಾರ್ಬೈಡ್ ಕಣಗಳು ಸಾಲುಗಟ್ಟುತ್ತವೆ. ಅಂಥ ಅದಿರು ಮುಗಿದದ್ದರಿಂದಲೇ ವಿದ್ಯೆ ನಿಂತಿರಬೇಕೆಂಬುದು ಅವರ ಊಹೆ. ಬ್ರಿಟಿಷರ ಅಗ್ಗದ ಉಕ್ಕಿನ ಪಾಲೂ ಇದ್ದೀತು ಎನ್ನುವುದು ನನ್ನ ಅನುಮಾನ.

ಮೂಸೆಯಿಂದ ಶುರುಮಾಡಿ ಅಲಗಿನವರೆಗೂ ತಾವೇ ಮಾಡುವವರು ಇವತ್ತು ವಿರಳ. ಅವರಲ್ಲೊಬ್ಬರು ಮಡಚುವ ಚಾಕು ಮಾಡಿ ನಾಲ್ಕು ಪಟ್ಟು ಕೇಳಿದರೂ ಚೌಕಾಸಿ ಮಾಡಲಾರೆ. ಹಿಡಿಗೆ ಬರೀ ಬೀಟೆ ಮರ ಹಾಕಿಕೊಟ್ಟರೂ ಸಾಕು.