ಸಣ್ಣ ತೂತು ಮೀಟರನ್ನು ಕಾಯುವುದಿಲ್ಲ

ಹಳೆಯ ಕಾರುಗಳನ್ನು ಇಟ್ಟುಕೊಂಡವರ ನಡುವೆ ಒಂದು ಸಲಹೆ ಬಾಯಿಂದ ಬಾಯಿಗೆ ಹರಿದು ಬಂದಿದೆ. ಇಂಜಿನ್ನಿನ ಆಯಿಲ್ ಪ್ರೆಷರ್ ಮೀಟರಿನ ಮಿತಿ ದಾಟುತ್ತಿದ್ದರೆ, ಮೀಟರಿಗೆ ಹೋಗುವ ತಾಮ್ರದ ಕೊಳವೆಯೊಳಗೆ ಸೂಜಿ ತೂರುವಷ್ಟು ತೂತಿರುವ ಬಿರಡೆ ಕೂರಿಸಿ, ಪ್ರೆಷರ್ ಇಳಿಯುತ್ತದೆ ಎನ್ನುತ್ತಾರೆ. ಕೈ ಪಳಗಿದ ಮೆಕ್ಯಾನಿಕ್‌ಗಳೂ ಇದನ್ನೇ ಹೇಳುತ್ತಾರೆ. ಆದರೆ ಪ್ರೆಷರ್ ಇಳಿಯುವುದಿಲ್ಲ. ಈ ನಂಬಿಕೆಯಿಂದ ಮತ್ತೆ ಸಿಗದಂಥ ಮೀಟರುಗಳು ಹಾಳಾಗುತ್ತಿವೆ.

ಈ ಪ್ರಶ್ನೆ ಹೆಚ್ಚಾಗಿ ಏಳುವುದು ಷೆವರ್ಲೆಯ ಆರು ಸಿಲಿಂಡರ್ ಕಾರುಗಳಲ್ಲಿ. ಜನರಲ್ ಮೋಟರ್ಸ್ 1928ರಿಂದ ಬೊಂಬಾಯಿಯ ಶಿವಡಿಯಲ್ಲಿ ಕಾರು ಜೋಡಿಸುತ್ತಿತ್ತು, ಹಾಗಾಗಿ ಷೆವರ್ಲೆ ನಮ್ಮ ರಸ್ತೆಗೂ ಹೊಸದಲ್ಲ. 1937ರಲ್ಲಿ ಬಂದ 216 ಘನ ಇಂಚಿನ ಇಂಜಿನ್ ಕಡಿಮೆ ಪ್ರೆಷರಿನದು. ಅದರಲ್ಲಿ ಕನೆಕ್ಟಿಂಗ್ ರಾಡಿನ ಬುಡದ ಪುಟ್ಟ ಸೌಟುಗಳು ಸುತ್ತುವಾಗ ಎಣ್ಣೆಯನ್ನು ಮೊಗೆದುಕೊಂಡು ಬೇರಿಂಗಿಗೆ ಊಡಿಸುತ್ತಿದ್ದವು. ಹದಿನೈದು ಪೌಂಡಿನ ಆಸುಪಾಸಿನಲ್ಲೇ ಅದರ ಕೆಲಸ ಸಾಗುತ್ತಿದ್ದರಿಂದ ಡ್ಯಾಷ್‌ಬೋರ್ಡಿನ ಮೀಟರ್ 30 ಪೌಂಡಿಗೇ ಮುಗಿಯುತ್ತದೆ. 1954ರ ಹೊತ್ತಿಗೆ ಎಲ್ಲ 235 ಇಂಜಿನ್ನುಗಳಲ್ಲೂ ಪಂಪಿನ ಎಣ್ಣೆ ನೇರವಾಗಿ ರಾಡ್ ಬೇರಿಂಗಿಗೂ ಹೋಗುವ ಏರ್ಪಾಡು ಬಂತು, ಮೀಟರೂ ಬದಲಾಯಿತು. ಇಂದು ಬಹಳ ಮಂದಿ ಹಳೆಯ 216 ತೆಗೆದು, ಹೆಚ್ಚು ಗಟ್ಟಿಯಾದ ಈ 235 ಕೂರಿಸುತ್ತಾರೆ. ಬೆಳಗಿನ ತಣ್ಣನೆಯ ಎಣ್ಣೆಯಲ್ಲಿ ಇಂಜಿನ್ ಶುರುಮಾಡಿದರೆ ಹಳೆಯ ಮೀಟರಿನ ಮುಳ್ಳು 30 ದಾಟಿ ಕಡ್ಡಿಗೆ ಬಡಿದು ಅಲ್ಲೇ ನಿಲ್ಲುತ್ತದೆ.

‘ನಿಂತರೇನಂತೆ, ಪ್ರೆಷರ್ ಚೆನ್ನಾಗಿದೆ ಎಂದಾಯಿತಲ್ಲ’ ಎನ್ನುವವರಿದ್ದಾರೆ. ಅವರು ಮೀಟರನ್ನು ಒಮ್ಮೆ ಬಿಚ್ಚಿ ನೋಡಬೇಕು. ಒಳಗೆ ಅರ್ಧಚಂದ್ರದಂತೆ ಬಾಗಿದ, ಚಪ್ಪಟೆಯಾದ, ಒಂದು ತುದಿ ಮುಚ್ಚಿದ ಹಿತ್ತಾಳೆ ಕೊಳವೆ ಇದೆ. ಇದು ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ. ಎಣ್ಣೆ ಒತ್ತಿದಂತೆ ಕೊಳವೆ ಸ್ವಲ್ಪ ನೆಟ್ಟಗಾಗುತ್ತದೆ, ಆ ಚೂರು ಚಲನೆಯೇ ಪುಟ್ಟ ಹಲ್ಲುಚಕ್ರದ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ಅತಿಯಾಗಿ ಒತ್ತಿದರೆ ಕೊಳವೆ ತನ್ನ ಬಾಗಿಗೆ ಪೂರ್ತಿ ಮರಳುವುದಿಲ್ಲ. ಇಂಜಿನ್ ಆಫ್ ಆದಮೇಲೂ ಮುಳ್ಳು ಸೊನ್ನೆಗೆ ಬರದೆ ಐದರಲ್ಲಿ ನಿಲ್ಲುತ್ತದೆ. ಅಂಥ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ: ನಿಜವಾದ ಪ್ರೆಷರ್ ಐದಕ್ಕೆ ಕುಸಿದು ಬೇರಿಂಗ್ ಸವೆಯುತ್ತಿರುವಾಗ ಅದು ಹತ್ತು ಎನ್ನುತ್ತದೆ. ಹೆದರಿಸಬೇಕಾದ ಹೊತ್ತಿನಲ್ಲಿ ಧೈರ್ಯ ಹೇಳುವ ಮೀಟರ್ ಇಲ್ಲದ ಮೀಟರಿಗಿಂತ ಅಪಾಯಕಾರಿ. ಕೊಳವೆ ಸೀಳಿದರಂತೂ ಬಿಸಿ ಎಣ್ಣೆ ಡ್ಯಾಷ್‌ಬೋರ್ಡಿನ ಹಿಂದಿನ ವೈರುಗಳ ಮೇಲೂ ಓಡಿಸುವವರ ಕಾಲ ಮೇಲೂ ಸುರಿಯುತ್ತದೆ.

ಇನ್ನು ಆ ತೂತಿನ ಮಾತು. ಮಹಡಿಯ ಟ್ಯಾಂಕಿನಿಂದ ಇಳಿಯುವ ಪೈಪಿನ ವಾಲ್ವನ್ನು ಮುಕ್ಕಾಲು ಪಾಲು ತಿರುಗಿಸಿಡಿ. ಕೆಳಗೆ ನಲ್ಲಿ ಬಿಟ್ಟರೆ ನೀರು ಸಣ್ಣಗೆ ಬರುತ್ತದೆ, ನಿಜ. ನಲ್ಲಿ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ನಲ್ಲಿಯ ಹಿಂದಿನ ಒತ್ತಡ ಟ್ಯಾಂಕಿನ ಎತ್ತರಕ್ಕೆ ತಕ್ಕಷ್ಟೇ, ಒಂದು ಚೂರೂ ಕಡಿಮೆಯಿಲ್ಲ. ಇಕ್ಕಟ್ಟಾದ ದಾರಿ ಒತ್ತಡವನ್ನು ತಗ್ಗಿಸುವುದು ಹರಿವು ಇದ್ದಾಗ ಮಾತ್ರ. ಮೀಟರಿನ ಕೊಳವೆ ಕುರುಡು ಗಲ್ಲಿ, ಅಲ್ಲಿಂದ ಎಣ್ಣೆ ಎಲ್ಲಿಗೂ ಹರಿಯುವುದಿಲ್ಲ. ಬಿರಡೆ ಹಾಕಿದರೆ ಮುಳ್ಳು ನಿಧಾನವಾಗಿ ಏರುತ್ತದೆ, ಆದರೆ ಅದೇ ಕಡ್ಡಿಗೇ ಹೋಗಿ ನಿಲ್ಲುತ್ತದೆ. ಬಿರಡೆಯಿಂದ ಉಪಯೋಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪಂಪಿನ ಮಿಡಿತದಿಂದ ಮುಳ್ಳು ನಡುಗುವುದನ್ನು ಅದು ತಡೆಯುತ್ತದೆ. ಕೊಳವೆ ಒಡೆದರೆ ಎಣ್ಣೆ ಸೋರುವ ವೇಗವನ್ನೂ ತಗ್ಗಿಸುತ್ತದೆ. ಆ ಎರಡು ಕಾರಣಗಳಿಗೆ ಹಾಕಿಸಿ, ಮೀಟರ್ ಉಳಿಸಲು ಎಂದು ಹಾಕಿಸಬೇಡಿ.

ಎಣ್ಣೆ ಹರಿಯುವಂತೆ ಮಾಡಿದರೆ? ಒಂದೇ ಅಳತೆಯ ಎರಡು ತೂತುಗಳನ್ನು ಸಾಲಾಗಿಟ್ಟು, ಎರಡನೆಯದರಿಂದ ಎಣ್ಣೆ ಸಂಪಿಗೆ ಮರಳುವಂತೆ ಮಾಡಿ ನಡುವಿನಿಂದ ಮೀಟರಿಗೆ ಕೊಳವೆ ಕೊಟ್ಟರೆ, ಅಲ್ಲಿ ಪ್ರೆಷರ್ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಲೆಕ್ಕ ಸರಿ. ಆದರೆ ಎರಡನೆಯ ತೂತಿಗೆ ಕಸ ಕಟ್ಟಿಕೊಂಡ ದಿನ ಪೂರ್ತಿ ಪ್ರೆಷರ್ ಮೀಟರಿಗೇ ಬಡಿಯುತ್ತದೆ. ಹಳೆಯ ಮುಖವನ್ನು ಉಳಿಸಿ ಒಳಗೆ ಗಟ್ಟಿಯಾದ ಕೊಳವೆ ಹಾಕಿಸುವುದು ಇನ್ನೊಂದು ದಾರಿ, ಕುಶಲಿಗಳು ಅದನ್ನು ಅಂದವಾಗಿ ಮಾಡಿಕೊಡುತ್ತಾರೆ. ಎರಡರಲ್ಲೂ ಒಂದು ತೊಡಕಿದೆ: ಮೀಟರಿನ ಮೇಲಿನ ಅಂಕಿ ಸುಳ್ಳಾಗುತ್ತದೆ. 20 ಪೌಂಡ್ ಇರುವಾಗ 10 ಎಂದು ಕಂಡರೆ, ನಾಳೆ ಕಾರು ಕೊಂಡವರು ಇಂಜಿನ್ ಸವೆದಿದೆಯೆಂದು ಬಿಚ್ಚಿಸಿಯಾರು.

ನನ್ನ ಮತ ಮಿತಿವಾಲ್ವಿನ ಕಡೆಗೆ. ಕಾರ್ಖಾನೆಗಳಲ್ಲಿ ಗೇಜುಗಳನ್ನು ಕಾಯಲು ಬಹುಕಾಲದಿಂದ ಬಳಕೆಯಲ್ಲಿರುವ ಈ ಸಾಧನದೊಳಗೆ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಪಿಸ್ಟನ್ ಇರುತ್ತದೆ. ನಾವು ಗೊತ್ತುಮಾಡಿದ ಪ್ರೆಷರಿಗೆ ಅದು ದಾರಿಯನ್ನೇ ಮುಚ್ಚುತ್ತದೆ, ಪ್ರೆಷರ್ ಇಳಿದಾಗ ತಾನೇ ತೆರೆದುಕೊಳ್ಳುತ್ತದೆ. ‘ಹಾಗಾದರೆ ಮೇಲಿನ ಪ್ರೆಷರ್ ಎಷ್ಟೆಂದು ಕಾಣುವುದಿಲ್ಲವಲ್ಲ’ ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟೆ: ಓಡಿಸುವವರಿಗೆ ಅದು ಬೇಕಿಲ್ಲ. ಪ್ರೆಷರ್ 40 ಇದೆಯೋ 50 ಇದೆಯೋ ಎಂಬುದು ಗ್ಯಾರೇಜಿನಲ್ಲಿ ಬೇರೊಂದು ಗೇಜು ಹಾಕಿ ನೋಡುವ ವಿಷಯ. ರಸ್ತೆಯಲ್ಲಿ ತಿಳಿಯಬೇಕಾದದ್ದು ಪ್ರೆಷರ್ ಎಷ್ಟು ಕೆಳಗೆ ಬಿದ್ದಿದೆ ಎಂಬುದು. ಕೆಳಗಿನ ಆ ಅಂಕಿಗಳನ್ನು ಹಳೆಯ ಮೀಟರ್ ಆಗ ಸರಿಯಾಗಿಯೇ ತೋರಿಸುತ್ತದೆ. ಮೂಲ ವಸ್ತುವಿಗೆ ಉಳಿಯ ಏಟೂ ಬೀಳುವುದಿಲ್ಲ, ಬೇಡವೆನಿಸಿದ ದಿನ ವಾಲ್ವ್ ಬಿಚ್ಚಿಟ್ಟರಾಯಿತು.

ವಾಲ್ವನ್ನು ಕಾರಿಗೆ ಹಾಕುವ ಮೊದಲು ಕೈಪಂಪು ಮತ್ತು ನಂಬಿಕೆಯ ಗೇಜು ಇಟ್ಟುಕೊಂಡು 25 ಪೌಂಡಿಗೆ ಹೊಂದಿಸಬೇಕು, ಮೇಜಿನ ಮೇಲೆ ಹಲವು ಬಾರಿ ಮುಚ್ಚಿ ತೆರೆದು ನೋಡಬೇಕು. ಇದಕ್ಕಿರುವ ದೊಡ್ಡ ಅಪಾಯ, ಪಿಸ್ಟನ್ ಮುಚ್ಚಿದಲ್ಲೇ ಅಂಟಿಕೊಳ್ಳುವುದು. ಆಗ ಎಣ್ಣೆ ಬರಿದಾದರೂ ಮುಳ್ಳು 25ರಲ್ಲೇ ಇರುತ್ತದೆ. ಅದನ್ನು ಪತ್ತೆಹಚ್ಚಲು ಪ್ರತಿ ಸಲ ಇಂಜಿನ್ ಆಫ್ ಮಾಡಿದಾಗ ಮುಳ್ಳಿನ ಕಡೆ ನೋಡಿ. ಸ್ವಲ್ಪ ಹೊತ್ತಿನಲ್ಲಿ ಅದು ಸೊನ್ನೆಗೆ ಇಳಿಯದಿದ್ದರೆ, ವಾಲ್ವ್ ಬಿಚ್ಚಿ ತೊಳೆಯುವ ತನಕ ಕಾರು ಹೊರಡಿಸಬೇಡಿ.