ಅರ್ಧಾಯು ಯಾವುದರದ್ದು? ಎಂಡೋಸಲ್ಫಾನ್ ಮಾಪನದ ಒಂದು ವಿಮರ್ಶೆ

ಒಂದು ರಾಸಾಯನಿಕವನ್ನು ಪರಿಸರಕ್ಕೆ ಬಿಡಬಹುದೇ ಎಂದು ನಿರ್ಧರಿಸುವಾಗ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಅದು ಎಷ್ಟು ಕಾಲ ಉಳಿಯುತ್ತದೆ? ಜೀವಿಗಳ ದೇಹದಲ್ಲಿ ಸಂಚಯವಾಗುತ್ತದೆಯೇ? ಎಷ್ಟು ವಿಷಕಾರಿ? 2001ರ ಸ್ಟಾಕ್‌ಹೋಮ್ ಒಪ್ಪಂದ ಮೊದಲೆರಡಕ್ಕೆ ಅಂಕಿಗಳನ್ನೇ ಕೊಟ್ಟಿದೆ. ಅರ್ಧಾಯು ನೀರಿನಲ್ಲಿ 2 ತಿಂಗಳು, ಮಣ್ಣಿನಲ್ಲಿ 6 ತಿಂಗಳು ಮೀರಬೇಕು. ಜಲಜೀವಿಗಳಲ್ಲಿ ಸಂಚಯನಾಂಕ 5000 ಮೀರಬೇಕು. ಅದು ತಿಳಿಯದಿದ್ದರೆ ಆಕ್ಟನಾಲ್-ನೀರು ವಿತರಣಾ ಗುಣಾಂಕದ ಲಾಗರಿತಮ್ 5ಕ್ಕಿಂತ ಹೆಚ್ಚಿರಬೇಕು. ಅಚ್ಚುಕಟ್ಟಾದ ಪಟ್ಟಿ. ಆದರೆ ಎಂಡೋಸಲ್ಫಾನನ್ನು ಈ ಪಟ್ಟಿಯ ಮುಂದೆ ನಿಲ್ಲಿಸಿದರೆ ಪಟ್ಟಿಯೇ ತಡವರಿಸುತ್ತದೆ.

ಕಾಸರಗೋಡಿನ ಕಥೆ ನಿಮಗೆ ತಿಳಿದಿರಬಹುದು. ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳಿಗೆ ಟೀ ಸೊಳ್ಳೆಯ ಹತೋಟಿಗೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡದ ಕಡೆಯ ತೋಟಗಳಲ್ಲೂ ಇದೇ ಆಯಿತು. ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಪತ್ರಕರ್ತ ಶ್ರೀಪಡ್ರೆ ಮತ್ತು ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಅಲ್ಲಿನ ಜನರ ಕಾಯಿಲೆಗಳತ್ತ ಗಮನ ಸೆಳೆದರು. ಆಗ ಕೇಳಿಬಂದ ಮುಖ್ಯ ಉತ್ತರವೆಂದರೆ, ಈ ಔಷಧ ಬೇಗ ವಿಘಟನೆಯಾಗುತ್ತದೆ ಎಂಬುದು.

ಭೌತಶಾಸ್ತ್ರದ ತರಗತಿಯಲ್ಲಿ ನಾವು ಅರ್ಧಾಯುವನ್ನು ವಿಕಿರಣಶೀಲತೆಯ ಮೂಲಕ ಕಲಿಸುತ್ತೇವೆ. ಕಾರ್ಬನ್-14ರ ಅರ್ಧಾಯು ಮೈಸೂರಿನಲ್ಲೂ ಮಾಸ್ಕೋದಲ್ಲೂ ಸುಮಾರು 5730 ವರ್ಷವೇ. ಅದು ಬೀಜಕೇಂದ್ರದ ಗುಣ. ಕೀಟನಾಶಕದ ಅರ್ಧಾಯು ಹಾಗಲ್ಲ, ಅದು ಪರಿಸ್ಥಿತಿಯ ಗುಣವೂ ಹೌದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಆಲ್ಫಾ ಎಂಡೋಸಲ್ಫಾನ್ ಜಲವಿಭಜನೆಯಿಂದ ಅರ್ಧವಾಗಲು ಪಿಎಚ್ 9ರಲ್ಲಿ ಕೆಲವೇ ಗಂಟೆ ಸಾಕು. ಪಿಎಚ್ 7ರಲ್ಲಿ ಸುಮಾರು 19 ದಿನ ಬೇಕು, ಪಿಎಚ್ 5ರಲ್ಲಿ 200 ದಿನಗಳಿಗೂ ಹೆಚ್ಚು. ಕಾಸರಗೋಡಿನದು ಮುರಕಲ್ಲಿನ ಆಮ್ಲೀಯ ನೆಲ. ಅಲ್ಲಿ ಅನೇಕರು ಕುಡಿಯುವ ನೀರು ಆ ಮುರಕಲ್ಲಿನೊಳಗೇ ಕೊರೆದ ಸುರಂಗಗಳದ್ದು. ಕ್ಷಾರೀಯ ನೀರಿನ ಅಂಕಿಯನ್ನು ಅಲ್ಲಿಗೆ ಒಯ್ದು ಸಮಾಧಾನ ಹೇಳುವುದು ವಿಜ್ಞಾನವಾಗದು.

ಇನ್ನೂ ದೊಡ್ಡ ತೊಡಕು ಬೇರೆಯದು. ಮಣ್ಣಿನ ಸೂಕ್ಷ್ಮಜೀವಿಗಳು ಎಂಡೋಸಲ್ಫಾನನ್ನು ಉತ್ಕರ್ಷಿಸಿ ಎಂಡೋಸಲ್ಫಾನ್ ಸಲ್ಫೇಟ್ ಮಾಡುತ್ತವೆ. ಇದರ ವಿಷತ್ವ ಹೆಚ್ಚುಕಡಿಮೆ ಮೂಲವಸ್ತುವಿನಷ್ಟೇ, ಬಾಳಿಕೆ ಅದಕ್ಕಿಂತ ಹೆಚ್ಚು. ಮೂಲವಸ್ತುವನ್ನಷ್ಟೇ ಅಳೆದರೆ ರೇಖೆ ಚೆನ್ನಾಗಿ ಇಳಿಯುತ್ತದೆ, ಸಲ್ಫೇಟನ್ನು ಕೂಡಿಸಿದರೆ ಇಳಿಯಲೊಲ್ಲದು. ರೇಡಿಯಂ ಇಟ್ಟ ಕೋಣೆಯಲ್ಲಿ ಅದರಿಂದ ಹುಟ್ಟುವ ರೇಡಾನನ್ನು ಲೆಕ್ಕಕ್ಕೆ ಹಿಡಿಯದ ವಿದ್ಯಾರ್ಥಿಗೆ ನಾವು ಅಂಕ ಕೊಡುತ್ತೇವೆಯೇ? ಸ್ಟಾಕ್‌ಹೋಮ್ ಪರಿಶೀಲನಾ ಸಮಿತಿ ಎರಡನ್ನೂ ಸೇರಿಸಿದಾಗ ಮಣ್ಣಿನಲ್ಲಿ ಅರ್ಧಾಯು ಸಾಮಾನ್ಯವಾಗಿ 28ರಿಂದ 391 ದಿನ ಎಂದು ಬಂತು. 6 ತಿಂಗಳ ಗಡಿ ಈ ವ್ಯಾಪ್ತಿಯ ನಡುವೆಯೇ ಬೀಳುತ್ತದೆ. ಎಂದರೆ ಇಬ್ಬರು ವಾದಿಗಳೂ ಸುಳ್ಳು ಹೇಳದೆಯೇ ತಮಗೆ ಬೇಕಾದ ಅಂಕಿಯನ್ನು ತೋರಿಸಬಹುದು.

ಸಂಚಯನದ ಅಳತೆಗೋಲು ಮೀನಿಗಾಗಿ ಮಾಡಿದ್ದು. ಎಂಡೋಸಲ್ಫಾನಿನ ಲಾಗರಿತಮ್ ಮೌಲ್ಯ ಸುಮಾರು 4.7. ಅಂದರೆ ನೀರಿನಲ್ಲಿ ಒಂದು ಪಾಲಿದ್ದರೆ ಕೊಬ್ಬನ್ನು ಹೋಲುವ ಆಕ್ಟನಾಲಿನಲ್ಲಿ ಸುಮಾರು 50,000 ಪಾಲು. ಗಡಿ 5. ಪರೀಕ್ಷೆಯಲ್ಲಿ ಪಾಸು! ಆದರೆ ಮೀನು ಕಿವಿರಿನ ಮೂಲಕ ನೀರಿಗೆ ವಸ್ತುವನ್ನು ಬಿಟ್ಟುಕೊಟ್ಟಂತೆ ಹಸುವಾಗಲಿ ಮನುಷ್ಯನಾಗಲಿ ಬಿಡಲಾಗದು, ನಮ್ಮ ಉಸಿರು ಹೋಗುವುದು ಗಾಳಿಗೆ. ಆಕ್ಟನಾಲ್-ಗಾಳಿ ಗುಣಾಂಕದ ಲಾಗರಿತಮ್ ಸುಮಾರು 10, ಅಂದರೆ ಸಾವಿರ ಕೋಟಿ ಪಟ್ಟು. ಯಕೃತ್ತು ಒಡೆದು ಹೊರಹಾಕದಿದ್ದರೆ ಉಸಿರಿನ ದಾರಿಯಲ್ಲಿ ಅದು ಹೊರಬೀಳುವುದು ಅತ್ಯಲ್ಪ. 2007ರಲ್ಲಿ ಕೆನಡಾದ ಬ್ಯಾರಿ ಕೆಲ್ಲಿ, ಫ್ರಾಂಕ್ ಗೋಬಾಸ್ ಮತ್ತು ಸಂಗಡಿಗರು ಇದನ್ನು ಆಹಾರಜಾಲಗಳ ಅಧ್ಯಯನದಿಂದ ತೋರಿಸಿದರು. ಗಡಿಗಳು ನಿಸರ್ಗನಿಯಮವಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ: ಸ್ಟಾಕ್‌ಹೋಮ್ 5000 ಎನ್ನುವಲ್ಲಿ ಯೂರೋಪಿನ ಕಾನೂನು 2000ಕ್ಕೇ ಸಂಚಯಕಾರಿ ಎನ್ನುತ್ತದೆ.

ವಿಷತ್ವದ ವರ್ಗೀಕರಣವೂ ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ ಎಂಡೋಸಲ್ಫಾನನ್ನು ಮಧ್ಯಮ ಅಪಾಯದ ಎರಡನೆಯ ವರ್ಗದಲ್ಲಿಟ್ಟಿತು, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅತ್ಯಂತ ವಿಷಕಾರಿ ವರ್ಗದಲ್ಲಿ. ಎರಡೂ ಮುಖ್ಯವಾಗಿ ತಕ್ಷಣದ ಸಾವನ್ನು ಅಳೆಯುತ್ತವೆ, ಮಗುವಿನ ಬೆಳವಣಿಗೆಯನ್ನಲ್ಲ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಪಡ್ರೆಯ ಶಾಲಾಮಕ್ಕಳ ರಕ್ತ ಪರೀಕ್ಷಿಸಿದಾಗ ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದವು. 2003ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ 117 ಹುಡುಗರ ರಕ್ತದಲ್ಲಿ ಸರಾಸರಿ ನೂರು ಕೋಟಿಯಲ್ಲಿ 7.47 ಪಾಲು, ಹೋಲಿಕೆಗೆ ಆರಿಸಿದ ಊರಿನ 90 ಹುಡುಗರಲ್ಲಿ 1.37 ಪಾಲು ಎಂದಿದೆ. ಇಂಥ ಒಂದೇ ಅಧ್ಯಯನ ಕಾಯಿಲೆಗೆ ಕಾರಣವನ್ನು ಸಿದ್ಧಪಡಿಸದು, ಆ ಆಕ್ಷೇಪ ನ್ಯಾಯವಾದದ್ದೇ. ಆದರೆ ವಸ್ತು ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಮಗುವಿನ ರಕ್ತಕ್ಕಿಂತ ನೇರವಾದ ಪುರಾವೆ ಯಾವುದಿದೆ? ಒಪ್ಪಂದದಲ್ಲಿ ಅಂಕಿಗಳ ಜೊತೆಗೆ, ಜೀವಿಗಳಲ್ಲಿ ನಿಜವಾಗಿ ಸಿಕ್ಕ ಪ್ರಮಾಣವನ್ನೂ ಪರಿಗಣಿಸಬಹುದೆಂಬ ಅಂಶವಿದೆ. ಪಟ್ಟಿಯ ಅತ್ಯುತ್ತಮ ಭಾಗ ಅದೇ ಎಂದು ನನ್ನ ಅಭಿಪ್ರಾಯ.

2011ರ ಫೆಬ್ರವರಿಯಲ್ಲಿ ಕರ್ನಾಟಕ ಇದನ್ನು ನಿಷೇಧಿಸಿತು. ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಅದು ಸ್ಟಾಕ್‌ಹೋಮ್ ಪಟ್ಟಿಗೆ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಅದೇ ನ್ಯಾಯಾಲಯ ಕೇರಳಕ್ಕೆ ಆದೇಶಿಸಿದ್ದು 2017ರಲ್ಲಿ.

ಶಿಕ್ಷಕರು ಇದನ್ನು ತರಗತಿಗೆ ಒಯ್ಯಬಹುದು. ನಂಜನಗೂಡು, ಟಿ. ನರಸೀಪುರದ ಕಡೆ ಕೆಂಪುಮಣ್ಣೂ ಇದೆ, ಸಾಮಾನ್ಯವಾಗಿ ಕ್ಷಾರೀಯವಾದ ಕಪ್ಪುಮಣ್ಣೂ ಇದೆ. ಬಿಳಿಗೆರೆಯ ವಿದ್ಯಾರ್ಥಿಗಳು ತಮ್ಮ ಬಾವಿ, ಕಾಲುವೆಗಳ ನೀರಿನ ಪಿಎಚ್ ನೋಡಲಿ. ಬಳಿಕ 57 ದಿನಗಳ ನಂತರ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕಲಿ. ಪಿಎಚ್ 7ರಲ್ಲಿ ಎಂಟನೆಯ ಒಂದು ಪಾಲು, ಪಿಎಚ್ 5ರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಬರುತ್ತದೆ. ಇದು ಜಲವಿಭಜನೆಯೊಂದರ ಲೆಕ್ಕ. ಮಣ್ಣಿನ ಸಲ್ಫೇಟಿಗೆ ಇನ್ನೊಂದು ಕಾಲಂ ಹಾಕಿಕೊಳ್ಳಬೇಕು.